ಮೂರನೇ ಸೋಮವಾರ

ಜನವರಿ 12, ಸೋಮವಾರ

ಸಾಮಿಲ್ಲಿನ ಯಜಮಾನರು ಹೊಸ ವರ್ಷಕ್ಕೆ ದಪ್ಪ ರಟ್ಟಿನ ರಿಜಿಸ್ಟರ್ ಒಂದನ್ನು ಕೊಟ್ಟಿದ್ದಾರೆ. ಯಾವ ಬ್ಲೇಡು ಯಾವ ದಿನ ಮೆಷಿನ್ನಿನಿಂದ ಇಳಿಯಿತು, ಯಾವ ದಿನ ಸಾಣೆಯಾಗಿ ಮತ್ತೆ ಏರಿತು ಎಂದು ಬರೆದಿಡುವುದಕ್ಕೆ. ಮುಂದಿನಿಂದ ಬ್ಲೇಡಿನ ವಿಷಯ ಬರೆಯುತ್ತೇನೆ, ಹಿಂದಿನಿಂದ ಮನೆಯ ವಿಷಯ. ಎರಡೂ ನಡುವೆ ಬಂದು ಮುಖಾಮುಖಿಯಾಗುವ ಹೊತ್ತಿಗೆ ನಾನು ಬದುಕಿದ್ದರೆ ಇನ್ನೊಂದು ಕೇಳಿದರಾಯಿತು.

ಬೆಳಿಗ್ಗೆ ಮೊಮ್ಮಗಳ ನಾಟಕ. ವಯಸ್ಸು ಎಂಟು, ಮೊಂಡುತನಕ್ಕೆ ಎಂಬತ್ತು. ಸದಾ ಏನಾದರೂ ಕಡಿಯುತ್ತಿರುತ್ತಾಳೆ ಎಂದು ಮನೆಯಲ್ಲಿ ಅಳಿಲು ಎಂದೇ ಕರೆಯುವುದು. ಇವತ್ತು ಬ್ರೆಡ್ಡಿನ ಅಂಚನ್ನೂ ಮುಟ್ಟಲಿಲ್ಲ.

"ಬಾಯಿ ಉರೀತಿದೆ ತಾತ. ಸ್ಕೂಲಿಗೆ ಹೋಗಲ್ಲ."

"ಸೋಮವಾರ ಬಂತು ಅಂತ ನಿನ್ನ ಬಾಯಿಗೆ ಯಾರು ಹೇಳಿದ್ರು?"

ಅವಳಮ್ಮ, ಅಂದರೆ ನನ್ನ ಮಗಳು, ಬೆಳಕು ಹರಿಯುವ ಮುಂಚೆಯೇ ಬೇಕರಿಯ ಒಲೆ ಹಚ್ಚಲು ಹೋಗಿಬಿಡುತ್ತಾಳೆ. ಅಳಿಯ ದೂರದ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಹಾಗಾಗಿ ಬೆಳಗಿನ ಸರ್ಕಾರ ನನ್ನದು. ಕಿಟಕಿಯ ಹತ್ತಿರ ನಿಲ್ಲಿಸಿ ಬಾಯಿ ತೆರೆಸಿದೆ. ಒಸಡು ಕೆಂಪಗೆ ಊದಿಕೊಂಡಿದೆ, ನಾಲಿಗೆಯ ಪಕ್ಕದಲ್ಲಿ ಎರಡು ಬಿಳಿ ಹುಣ್ಣು. ನನಗೆ ಕಂಡದ್ದು ಮಾತ್ರ ಹಲ್ಲಿನ ಬುಡದ ಕೊಳೆ. ಮೂವತ್ತೆಂಟು ವರ್ಷದಿಂದ ಗರಗಸದ ಹಲ್ಲು ನೋಡುತ್ತಿರುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಸಿ ಮರ ಕೊಯ್ದರೆ ಹಲ್ಲಿನ ಬುಡಕ್ಕೆ ಅಂಟು ಕೂರುತ್ತದೆ, ತಂತಿ ಬ್ರಷ್ಷು ಹಿಡಿದು ತಿಕ್ಕಿದರೇ ಹೋಗುವುದು.

ದವಡೆ ಹಿಡಿದು ನಾನೇ ತಿಕ್ಕಿದೆ. ರಕ್ತ ಬಂತು. ಕೆಟ್ಟ ರಕ್ತ, ಹೋಗಲಿ ಎಂದುಕೊಂಡೆ. ಅಳುತ್ತಲೇ ಸ್ಕೂಲಿಗೆ ಹೋದಳು.

ಜನವರಿ 20, ಮಂಗಳವಾರ

ಅಳಿಲಿನ ಬಾಯಿ ಸಂಪೂರ್ಣ ವಾಸಿ. ಪೆನ್ಸಿಲ್ಲಿನ ಹಿಂಬದಿ ಕಡಿಯುತ್ತ ಕೂತಿದ್ದಾಳೆ. ನನ್ನ ಕೈಗುಣ ಎಂದು ಮಗಳ ಮುಂದೆ ಸ್ವಲ್ಪ ಜಂಬ ಕೊಚ್ಚಿದೆ.

ಫೆಬ್ರವರಿ 2, ಸೋಮವಾರ

ಮತ್ತೆ ಅದೇ ರಾಗ. ಬಾಯಿ ಉರಿ, ತಿಂಡಿ ಬೇಡ, ಸ್ಕೂಲು ಬೇಡ. "ಹಲ್ಲುಜ್ಜಿದ್ಯಾ?" ಎಂದೆ. "ಉಜ್ಜಿದೆ" ಎಂದಳು. ಬ್ರಷ್ಷು ಮುಟ್ಟಿ ನೋಡಿದರೆ ಒಣಕಲು. ಸುಳ್ಳು ಹೇಳಿದಳಲ್ಲ ಎಂಬ ಸಿಟ್ಟಿಗೆ ಕಪಾಳಕ್ಕೆ ಒಂದು ಬಿಟ್ಟೆ.

ಅಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಸ್ಕೂಲಿಗೆ ಹೊರಟುಹೋದಳು.

ಮಗಳಿಗೆ ನಾನು ಹೇಳಿಲ್ಲ. ಅಳಿಲೂ ಹೇಳಿಲ್ಲ.

ಫೆಬ್ರವರಿ 14, ಶನಿವಾರ

ಕೆಳಗಿನ ಮುಂದಿನ ಹಲ್ಲು ಅಲುಗಾಡುತ್ತಿದೆ. ಹಾಲುಹಲ್ಲಾಗಿದ್ದರೆ ಚಿಂತೆಯಿರಲಿಲ್ಲ. ಇದು ಹೋದ ವರ್ಷವಷ್ಟೇ ಹುಟ್ಟಿದ ಖಾಯಂ ಹಲ್ಲು. ಮಗಳು ಬೇಕರಿಗೆ ರಜೆ ಹಾಕಿದಳು, ಮೂವರೂ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆವು. ಚಿಕ್ಕ ವಯಸ್ಸಿನಾಕೆ, ಕೈ ಬಹಳ ಹಗುರ. ಗುರುತು ಕೊರೆದ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಅಳತೆ ಹೇಳುತ್ತ ಹೋದರು. "ಐದು. ಆರು. ಐದು. ಆರು." ಪಕ್ಕದಲ್ಲಿದ್ದ ನರ್ಸು ಬರೆದುಕೊಂಡಳು.

"ಎಷ್ಟಿರಬೇಕು ಡಾಕ್ಟ್ರೇ?" ಎಂದೆ. ಅಳತೆ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ.

"ಮೂರು ಮಿಲಿಮೀಟರ್ ಒಳಗೆ. ಇಷ್ಟು ಚಿಕ್ಕ ಮಗುವಿಗೆ ಹೀಗಾಗೋದು ಅಪರೂಪ. ಒಸಡು ಹಲ್ಲನ್ನ ಬಿಟ್ಕೊಡ್ತಾ ಇದೆ. ಹೀಗೇ ಬಿಟ್ರೆ ಮುಂದಿನ ನಾಲ್ಕೂ ಹೋಗ್ತವೆ."

"ಒಂದೂ ಹೋಗೋದಿಲ್ಲ ಬಿಡಿ. ನಾನಿದ್ದೀನಿ."

ಮೆದು ಬ್ರಷ್ಷು ಬರೆದುಕೊಟ್ಟರು. ಮೆದು ಬ್ರಷ್ಷಿನಿಂದ ಯಾವ ಕೊಳೆ ಹೋಗುತ್ತದೋ ಕಾಣೆ. ರಕ್ತ ಪರೀಕ್ಷೆಗೂ ಬರೆದಿದ್ದಾರೆ. ಸರಿಯಿದ್ದರೆ 23ಕ್ಕೆ ಒಸಡಿನ ಒಳಗಡೆ ಕ್ಲೀನಿಂಗ್.

ಫೆಬ್ರವರಿ 18, ಬುಧವಾರ

ರಕ್ತದ ರಿಪೋರ್ಟು ಬಂತು. ಎಲ್ಲ ಸರಿಯಿದೆ. ನಾನು ಹೇಳಿರಲಿಲ್ಲವೇ.

ಫೆಬ್ರವರಿ 23, ಸೋಮವಾರ

ಕ್ಲೀನಿಂಗ್ ಆಯಿತು. ಹೊರಡುವಾಗ ಅಳಿಲು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಇವತ್ತು ಬೇಡ ತಾತ, ಇವತ್ತು ಶುರುವಾಗತ್ತೆ" ಎಂದಳು. "ಏನು ಶುರುವಾಗೋದು, ನಿನ್ನ ನೆಪ ತಾನೆ?" ಎಂದು ಬೆರಳು ಬಿಡಿಸಿ ಕರೆದುಕೊಂಡು ಹೋದೆ. ಡಾಕ್ಟರಮ್ಮ ಒಸಡು ಸ್ವಲ್ಪ ಕೆಂಪಗಿದೆ, ಇನ್ನೊಂದು ದಿನ ಮಾಡೋಣವೇ ಎಂದರು. ರಜೆ ಹಾಕಿ ಬಂದಿದ್ದೇನೆ, ಮುಗಿಸಿಬಿಡಿ ಎಂದವನು ನಾನೇ.

ಫೆಬ್ರವರಿ 25, ಬುಧವಾರ

ಜ್ವರ ನೂರ ನಾಲ್ಕು. ದೊಡ್ಡಾಸ್ಪತ್ರೆ.

ಮಾರ್ಚ್ 2, ಸೋಮವಾರ

ನಿನ್ನೆ ಮನೆಗೆ ಬಂದೆವು. ಐದು ದಿನ ಕೈಗೆ ಸೂಜಿ ಚುಚ್ಚಿಯೇ ಇತ್ತು. ರಕ್ತದಲ್ಲಿ ಸೋಂಕಿನ ಜೊತೆ ಹೋರಾಡುವ ಬಿಳಿ ಕಣಗಳು ತೀರಾ ಕಮ್ಮಿ ಇದ್ದವಂತೆ. ರಕ್ತದ ಕಾಯಿಲೆ ನೋಡುವ ಡಾಕ್ಟರು ತೆಳ್ಳಗಿನ ಮನುಷ್ಯ, ಮಾತು ಅವರಿಗಿಂತ ತೆಳ್ಳಗೆ. "ಜ್ವರಕ್ಕೇ ಕಮ್ಮಿ ಆಗಿರಬಹುದು. ಇನ್ನೊಂದು ವಾರಕ್ಕೆ ಮತ್ತೆ ನೋಡೋಣ" ಎಂದರು.

ಮುಗಿಸಿಬಿಡಿ ಎಂದು ನಾನು ಅಂದದ್ದನ್ನು ಯಾರೂ ಎತ್ತಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮಾರ್ಚ್ 9, ಸೋಮವಾರ

ಪರೀಕ್ಷೆಯಲ್ಲಿ ಕಣಗಳು ಎರಡು ಸಾವಿರದ ಮೇಲಿವೆ. ಸಾವಿರದೈನೂರು ದಾಟಿದರೆ ಸಾಕಂತೆ. ಡಾಕ್ಟರು ಏನೂ ತೊಂದರೆ ಕಾಣುತ್ತಿಲ್ಲ ಎಂದರು. ಮಗಳಿಗೆ ನೆಮ್ಮದಿ. ನನಗೆ ಇಲ್ಲ. ಮುಂದಿನ ಹಲ್ಲು ಇನ್ನೂ ಅಲುಗಾಡುತ್ತಿದೆ. ಏನೂ ಇಲ್ಲದೆ ಹಲ್ಲು ಯಾಕೆ ಅಲುಗಾಡಬೇಕು?

ಮಾರ್ಚ್ 10, ಮಂಗಳವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಮಿಲ್ಲಿನಲ್ಲಿ ನಾಲ್ಕನೇ ನಂಬರಿನ ಬ್ಲೇಡು ಕಡೆಯ ಸಲ ಯಾವತ್ತು ಇಳಿಯಿತು ಎಂದು ಹುಡುಕುವಾಗ ರಿಜಿಸ್ಟರನ್ನು ತಲೆಕೆಳಗಾಗಿ ಹಿಡಿದುಬಿಟ್ಟಿದ್ದೆ. ಮನೆಯ ಪುಟಗಳು ತೆರೆದುಕೊಂಡವು. ಬ್ಲೇಡಿನ ಸರದಿ ನೋಡುವ ಕಣ್ಣಿನಲ್ಲೇ ಅವನ್ನು ನೋಡಿದೆ. ಬಾಯಿ ಉರಿ ಜನವರಿ 12. ಬಾಯಿ ಉರಿ ಫೆಬ್ರವರಿ 2. "ಇವತ್ತು ಶುರುವಾಗತ್ತೆ" ಎಂದದ್ದು ಫೆಬ್ರವರಿ 23. ಬೆರಳು ಮಡಚಿ ಎಣಿಸಿದೆ. ಇಪ್ಪತ್ತೊಂದು. ಮತ್ತೆ ಇಪ್ಪತ್ತೊಂದು. ನಡುವಿನ ಸೋಮವಾರಗಳಲ್ಲಿ ಅವಳು ಕುಣಿಯುತ್ತ ಸ್ಕೂಲಿಗೆ ಹೋಗಿದ್ದಾಳೆ. ಪ್ರತಿ ಮೂರನೇ ಸೋಮವಾರ ಮಾತ್ರ ಈ ಉರಿ. ರಕ್ತ ಕೊಟ್ಟು ಸರಿಯಿದೆ ಅನ್ನಿಸಿಕೊಂಡ ದಿನಗಳೆಲ್ಲ ನಡುವಿನವು.

ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ನಿನ್ನ ಬಾಯುರಿ ಬರೋದು ನಿನಗೆ ಮುಂಚೆನೇ ಗೊತ್ತಾಗತ್ತಾ?"

"ಹೂಂ. ಹಿಂದಿನ ದಿನ ಒಸಡೆಲ್ಲ ಜುಮ್ ಅನ್ನತ್ತೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ."

"ಅವತ್ತು ಬ್ರಷ್ಷು ಒಣಗಿತ್ತಲ್ಲ?"

"ಬ್ರಷ್ಷಿಟ್ರೆ ಕಣ್ಣಲ್ಲಿ ನೀರು ಬರ್ತಿತ್ತು. ಬೆರಳಲ್ಲಿ ಉಜ್ಜಿದ್ದೆ. ನೀನು ಬೆರಳು ಮುಟ್ಟಿ ನೋಡ್ಲೇ ಇಲ್ಲ."

ಮಾರ್ಚ್ 12, ಗುರುವಾರ

ನಾಳೆ ರಕ್ತದ ಡಾಕ್ಟರಿಗೆ ತೋರಿಸಬೇಕು. ಬಿಳಿ ಹಾಳೆಯಲ್ಲಿ ಬರೀ ತಾರೀಕುಗಳನ್ನು ಚೆಂದವಾಗಿ ಇಳಿಸಿದೆ. ಅಷ್ಟು ಸಾಕು ಎಂದುಕೊಂಡೆ. ಆಮೇಲೆ ಯೋಚಿಸಿದರೆ ಅವರು ಸುಮ್ಮನೆ ಬಿಡುವವರಲ್ಲ. ಅವತ್ತು ಏನು ತಿಂದಳು, ಯಾರು ಉಜ್ಜಿದರು, ರಕ್ತ ಬಂತೇ, ಎಷ್ಟು ದಿನಕ್ಕೆ ವಾಸಿಯಾಯಿತು? ಅದೆಲ್ಲ ಇರುವುದು ಈ ಪುಟಗಳಲ್ಲಿ. ಕಪಾಳಕ್ಕೆ ಬಿಟ್ಟದ್ದೂ ಈ ಪುಟಗಳಲ್ಲೇ ಇದೆ.

ಹಾಳೆ ಹರಿದು ಒಲೆಗೆ ಹಾಕಿದೆ. ರಿಜಿಸ್ಟರನ್ನೇ ಒಯ್ಯುತ್ತೇನೆ.

ಮಾರ್ಚ್ 13, ಶುಕ್ರವಾರ

ಡಾಕ್ಟರು ಪುಟ ತಿರುಗಿಸಿ ಕಣ್ಣು ಕಿರಿದು ಮಾಡಿದರು. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. "ಇದನ್ನ ಯಾರಾದ್ರೂ ಓದಿ" ಎಂದರು. ನಾನು ಕೈ ಚಾಚುವುದರೊಳಗೆ ಮಗಳು ತೆಗೆದುಕೊಂಡಳು. ಅಳಿಲು ಹೊರಗೆ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು.

ಮಗಳು ಗಟ್ಟಿಯಾಗಿ ಓದಿದಳು. ದವಡೆ ಹಿಡಿದದ್ದು, ಕೆಟ್ಟ ರಕ್ತ ಹೋಗಲಿ ಎಂದದ್ದು, ಕೈಗುಣದ ಜಂಬ. ಫೆಬ್ರವರಿ ಎರಡಕ್ಕೆ ಬಂದು ನಿಂತಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ.

"ಮುಂದೆ ಓದಿ" ಎಂದರು ಡಾಕ್ಟರು.

ಓದಿದಳು. ದನಿ ಬದಲಾಗಲಿಲ್ಲ. ಒಂದು ಅಕ್ಷರ ಬಿಡಲಿಲ್ಲ.

ಡಾಕ್ಟರು ಎದ್ದು ಬಂದು ತಾರೀಕುಗಳ ಕೆಳಗೆ ತಾವೇ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. "ಮುಂದಿನದು ಈ ಸೋಮವಾರ. ಬೆಳಿಗ್ಗೆ ಎಂಟಕ್ಕೆ ರಕ್ತ ಕೊಡಿ. ಆಮೇಲೆ ವಾರಕ್ಕೆರಡು ಸಲ, ಆರು ವಾರ. ಒಂದೂ ತಪ್ಪಬಾರದು." ಬಾಗಿಲ ತನಕ ಬಂದವರು ನನಗೆ ಹೇಳಿದರು. "ಬರೆಯೋದು ನಿಲ್ಲಿಸಬೇಡಿ. ಎಲ್ಲವನ್ನೂ ಬರೀರಿ."

ಬಸ್ ಸ್ಟಾಪಿನಲ್ಲಿ ಮಗಳು ರಸ್ತೆ ನೋಡುತ್ತಲೇ ಅಂದಳು. "ಅಪ್ಪ, ಇನ್ನೊಂದ್ಸಲ ಅವಳ ಮೇಲೆ ಕೈ ಎತ್ತಿದ್ರೆ ನಾನು ಬೇರೆ ಮನೆ ನೋಡ್ಕೋತೀನಿ."

"ಎತ್ತಲ್ಲ."

"ಬರ್ಕೋ. ನಿನ್ನ ಬುಕ್ಕಲ್ಲಿ ಬರ್ಕೋ."

ಬರೆದಿದ್ದೇನೆ.

ಮಾರ್ಚ್ 16, ಸೋಮವಾರ

ಸಾವಿರದೈನೂರು ಇರಬೇಕಾದಲ್ಲಿ ನೂರ ಹತ್ತು. ಮಗಳು ಅತ್ತಳು. ಡಾಕ್ಟರು ಮಾತ್ರ ಕಳ್ಳ ಕೈಗೆ ಸಿಕ್ಕವರ ಹಾಗೆ ತಲೆಯಾಡಿಸಿದರು. ನನಗೂ ಸ್ವಲ್ಪ ಹಾಗೆಯೇ ಅನ್ನಿಸಿತು, ಆಡಿ ತೋರಿಸಲಿಲ್ಲ. ಬಾಯಲ್ಲಿ ಮೂರು ಹುಣ್ಣು. ಹಾಲಲ್ಲಿ ನೆನೆಸಿದ ಬ್ರೆಡ್ಡು ನಾಲ್ಕು ಚಮಚ. ಸ್ಕೂಲಿಲ್ಲ, ನೆಪ ಕೇಳಲಿಲ್ಲ.

ಮಾರ್ಚ್ 26, ಗುರುವಾರ

ನಾಲ್ಕನೇ ಸೂಜಿ. ರಕ್ತ ತೆಗೆಯುವ ಹೆಂಗಸಿಗೆ ಅಳಿಲು ಸೊಳ್ಳೆಯಕ್ಕ ಎಂದು ಹೆಸರಿಟ್ಟಿದ್ದಾಳೆ. ಆಕೆಯೂ ಗಟ್ಟಿಗಿತ್ತಿ. "ಬಾರಮ್ಮ, ಹೊಟ್ಟೆ ಹಸೀತಿದೆ" ಎಂದು ಕರೆಯುತ್ತಾಳೆ. ಯಾವ ಕೈ ಎಂಬುದನ್ನು ಅಳಿಲು ಹೇಳುತ್ತಾಳೆ. ಹಿಡಿದುಕೊಳ್ಳಲು ಹೋದರೆ, "ತಾತ, ನೀನು ಅಲ್ಲಿ ಕೂತ್ಕೋ" ಎನ್ನುತ್ತಾಳೆ. ಕೂರುತ್ತೇನೆ.

ಏಪ್ರಿಲ್ 6, ಸೋಮವಾರ

ಕಣ ಎಂಬತ್ತು. ನಿನ್ನೆಯೇ ಹೇಳಿದ್ದಳು, ಜುಮ್ ಅಂತಿದೆ ಎಂದು. ಅವಳು ಹೇಳಿದ ಗಳಿಗೆಯನ್ನೇ ಬರೆದಿಟ್ಟಿದ್ದೆ: ಸಂಜೆ ಐದೂ ಹತ್ತು.

ಏಪ್ರಿಲ್ 20, ಸೋಮವಾರ

ಯಜಮಾನರು ಗೊಣಗಿದರು. "ಏನಯ್ಯಾ ಸಾಣೆಗಾರ, ಸೋಮವಾರ ಗುರುವಾರ ನೀನು ಬರೋದು ಹತ್ತು ಗಂಟೆ. ದಿಮ್ಮಿಗಳೇನು ತಾವಾಗೇ ಹಲಗೆ ಆಗ್ತವಾ?"

"ಯಜಮಾನ್ರೆ, ನಿಮ್ಮ ಗರಗಸಕ್ಕೆ ಹಲ್ಲು ಹೋದ್ರೆ ಬೇರೆ ಬ್ಲೇಡು ತರಿಸ್ತೀರಿ. ನನ್ನ ಮೊಮ್ಮಗಳಿಗೆ ಎಲ್ಲಿಂದ ತರಲಿ?"

ಬೀಡಿ ಎಸೆದು ಒಳಗೆ ಹೋದರು. ಇಲ್ಲ ಎನ್ನಲಿಲ್ಲ. ಸಂಜೆ ಎರಡು ಗಂಟೆ ಹೆಚ್ಚಿಗೆ ನಿಂತು ಕೆಲಸ ಮುಗಿಸುತ್ತಿದ್ದೇನೆ.

ಏಪ್ರಿಲ್ 30, ಗುರುವಾರ

ಆರು ವಾರ ಮುಗಿಯಿತು. ಒಂದೂ ತಪ್ಪಿಲ್ಲ. ಡಾಕ್ಟರು ಅಂಕಿಗಳನ್ನು ಒಂದು ಗೆರೆಯಾಗಿ ಬರೆದು ತೋರಿಸಿದರು, ಮೂರು ಹಳ್ಳವಿರುವ ರಸ್ತೆಯ ಹಾಗಿತ್ತು. ಅಷ್ಟು ದಿನ ಕೂಡಿಟ್ಟ ಮಾತನ್ನೆಲ್ಲ ಇವತ್ತು ಆಡಿದರು.

"ಈ ಕಣಗಳು ಮೈಗೆ ಕಾವಲುಗಾರರಿದ್ದ ಹಾಗೆ. ಇವಳಲ್ಲಿ ಇಪ್ಪತ್ತೊಂದು ದಿನಕ್ಕೊಮ್ಮೆ ಹೆಚ್ಚುಕಡಿಮೆ ಖಾಲಿ ಆಗ್ತವೆ. ಬಾಯಲ್ಲಿ ಕ್ರಿಮಿ ಎಲ್ರಿಗೂ ಇರತ್ತೆ. ಕಾವಲಿಲ್ಲದ ದಿನಗಳಲ್ಲಿ ಅವು ಒಸಡಿಗೆ ಇಳೀತವೆ, ಹಲ್ಲು ಹಿಡ್ಕೊಂಡಿರೋ ಮೂಳೆನ ತಿಂತವೆ. ಇದು ಹುಟ್ಟಿನಿಂದ ಬಂದದ್ದು. ಹಲ್ಲುಜ್ಜದೆ ಬಂದದ್ದಲ್ಲ."

ಅಳಿಲು ನನ್ನ ಕಡೆ ತಿರುಗಿದಳು. "ಕೇಳಿಸ್ತಾ?"

"ಕೇಳಿಸ್ತು ಕಣೇ."

ಚುಚ್ಚುಮದ್ದು ಇದೆಯಂತೆ, ದಿನ ಬಿಟ್ಟು ದಿನ, ಚರ್ಮದ ಕೆಳಗೆ, ಮನೆಯಲ್ಲೇ. ಕಾಯಿಲೆ ಬಿಟ್ಟು ಹೋಗುವುದಿಲ್ಲ, ಹಳ್ಳ ಅಷ್ಟು ಆಳ ಇರುವುದಿಲ್ಲ. ಅದರ ಜೊತೆಗೆ ಬಾಯಿ ಮಾತ್ರ ಕನ್ನಡಿಯಂತಿರಬೇಕು. ಮಗಳು ಸೂಜಿ ಕಂಡರೆ ಬೆವರುತ್ತಾಳೆ. ನರ್ಸು ಸ್ಪಂಜಿನ ತುಂಡಿಗೆ ಚುಚ್ಚಿಸಿ ನನಗೆ ಕಲಿಸಿದಳು. ಅಳಿಲು ಪಕ್ಕದಲ್ಲಿ ನಿಂತು ಮೇಲ್ವಿಚಾರಣೆ.

"ಹಿಡ್ಕೋಬಾರ್ದು. ನಾನು ಮೂರು ಎಣಿಸ್ತೀನಿ. ಮೂರು ಅಂದ್ಮೇಲೆನೇ."

"ಆಯ್ತು."

"ಎರಡಕ್ಕೇ ಚುಚ್ಚಿದ್ರೆ ಸೊಳ್ಳೆಯಕ್ಕನ್ನ ಮನೆಗೆ ಕರ್ಕೊಂಡ್ಬರ್ತೀನಿ."

ಮೇ 9, ಶನಿವಾರ

ಈ ಸಲ ಹಲ್ಲಿನ ಆಸ್ಪತ್ರೆಗೆ ಹೋಗುವ ದಿನವನ್ನು ರಿಜಿಸ್ಟರ್ ನೋಡಿ ನಾವೇ ಆರಿಸಿದೆವು. ನಿನ್ನೆಯ ಪರೀಕ್ಷೆಯಲ್ಲಿ ಕಣ ಎರಡೂವರೆ ಸಾವಿರ. ರಕ್ತದ ಡಾಕ್ಟರು ಹಲ್ಲಿನ ಡಾಕ್ಟರಮ್ಮನಿಗೆ ಫೋನು ಮಾಡಿ ಸರಿ ಎಂದರು, ಸೋಂಕು ತಗಲದಂತೆ ಮುಂಚಿತವಾಗಿ ಕೊಡುವ ಮಾತ್ರೆಯೂ ಆಗಿತ್ತು. ಡಾಕ್ಟರಮ್ಮ ಬಾಯಿ ನೋಡಿ ಕೆಳಗಿನ ಹಿಂದಿನ ಹಾಲುಹಲ್ಲೊಂದನ್ನು ತೋರಿಸಿದರು. "ಇದರ ಬುಡದಲ್ಲಿ ಕೀವಿದೆ. ತೆಗೀಲೇಬೇಕು, ಇಲ್ಲಾಂದ್ರೆ ಪಕ್ಕದವಕ್ಕೂ ಹರಡತ್ತೆ."

ಒಂದೂ ಹೋಗೋದಿಲ್ಲ ಎಂದವನು ನಾನು. ವಾದಕ್ಕೆ ಕೂತೆ. ಗರಗಸದಲ್ಲಿ ಒಂದು ಹಲ್ಲು ಮುರಿದರೆ ಅದರ ಹಿಂದಿನ ಹಲ್ಲಿಗೆ ಎರಡು ಹಲ್ಲಿನ ಭಾರ ಬೀಳುತ್ತದೆ, ವಾರದೊಳಗೆ ಅದೂ ಮುರಿಯುತ್ತದೆ, ನನ್ನ ಕಣ್ಣಾರೆ ಕಂಡಿದ್ದೇನೆ ಎಂದೆಲ್ಲ ಹೇಳಿದೆ. ಡಾಕ್ಟರಮ್ಮ ಪಾಪ ಕೇಳಿಸಿಕೊಂಡರು. ಕುರ್ಚಿಯಲ್ಲಿ ಮಲಗಿದ್ದ ಅಳಿಲು ಬಾಯಿಗೆ ಇಟ್ಟಿದ್ದ ಹತ್ತಿಯನ್ನು ಕೈಗೆ ತೆಗೆದುಕೊಂಡು ಎದ್ದು ಕೂತಳು.

"ತಾತ. ಬಾಯಿ ನಂದು."

ಡಾಕ್ಟರಮ್ಮನ ಕಡೆ ತಿರುಗಿ, "ಅದು ನೋಯತ್ತೆ. ತೆಗೀರಿ. ಮುಂದಿನ ನಾಲ್ಕು ಬೇಕು ನಂಗೆ, ಅವನ್ನ ನೋಡ್ಕೊಳ್ಳಿ" ಎಂದಳು.

ಸಹಿ ಹಾಕಿದೆ. ಹಲ್ಲು ತೆಗೆದರು. ಮೂರು ದಿನ ಜ್ವರದ ಕಡ್ಡಿ ಹಿಡಿದು ಕಾಯಬೇಕು.

ಮೇ 12, ಮಂಗಳವಾರ

ಜ್ವರ ಇಲ್ಲ. ಜ್ವರ ಇಲ್ಲ. ಜ್ವರ ಇಲ್ಲ.

ಮೇ 31, ಭಾನುವಾರ

ಹಲ್ಲುಜ್ಜಲು ಈಗ ಹೊಸ ಪದ್ಧತಿ. ಬಚ್ಚಲಿನ ಬಲ್ಬು ಮಂಕು, ಬಾಯೊಳಗೆ ಏನೂ ಕಾಣುವುದಿಲ್ಲ. ಅವಳ ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಮೆದು ಬ್ರಷ್ಷು. ಟಾರ್ಚು ನನ್ನ ಕೈಯಲ್ಲಿ. "ಮೇಲೆ. ಸ್ವಲ್ಪ ಎಡಕ್ಕೆ. ಕಣ್ಣಿಗೆ ಬಿಡಬೇಡ." ಒಸಡಿನ ಅಂಚಿನಲ್ಲಿ ಬ್ರಷ್ಷನ್ನು ಓರೆಯಾಗಿ ಇಟ್ಟು ಸಣ್ಣಸಣ್ಣಗೆ ಅಲುಗಿಸುತ್ತಾಳೆ, ಡಾಕ್ಟರಮ್ಮ ತೋರಿಸಿದ ಹಾಗೆ. ಒಂದೊಂದು ಹಲ್ಲಿಗೂ ಹತ್ತರ ಎಣಿಕೆ. ನನಗೆ ನಿಂತು ನಿಂತು ಸೊಂಟ ನೋವು. ಹೇಳಿಕೊಂಡೆ. "ಸ್ಟೂಲ್ ತಗೋ" ಎಂದಳು.

ಜೂನ್ 8, ಸೋಮವಾರ

ಮೂರನೇ ಸೋಮವಾರ. ಕಣ ಏಳುನೂರು. ಸಣ್ಣ ಹುಣ್ಣು ಎರಡು. ತಿಂಡಿ ಅರ್ಧ ತಿಂದಳು, ಸ್ಕೂಲಿಗೆ ಹೋದಳು. ಬ್ರಷ್ಷಿಗೆ ರಕ್ತ ಹತ್ತಲಿಲ್ಲ.

ಜೂನ್ 24, ಬುಧವಾರ

ಯಜಮಾನರು ಸಾಣೆಯ ಶೆಡ್ಡಿಗೆ ಬಂದು ಬಹಳ ಹೊತ್ತು ನೋಡುತ್ತ ನಿಂತರು. "ಏನಯ್ಯಾ, ಮುಂಚೆ ನಿನ್ನ ತಂತಿ ಬ್ರಷ್ಷಿನ ಸದ್ದು ಗೇಟಿನ ತನಕ ಕೇಳ್ತಿತ್ತು. ಈಗ ಎಣ್ಣೇಲಿ ನೆನೆಸಿ ಬಟ್ಟೇಲಿ ಒರೆಸ್ತಾ ಕೂತಿದ್ಯಲ್ಲ, ಮಗೂಗೆ ಸ್ನಾನ ಮಾಡಿಸಿದ ಹಾಗೆ?" ಎಂದರು. ಅಂಟು ನೆನೆದರೆ ತಾನಾಗಿ ಬಿಡುತ್ತದೆ, ಬ್ಲೇಡೂ ಹೆಚ್ಚು ದಿನ ಬರುತ್ತದೆ, ಅಷ್ಟೆ. ವಯಸ್ಸಾಯಿತು, ಜೋರಾಗಿ ತಿಕ್ಕಲು ತೋಳಿನಲ್ಲಿ ಕಸುವಿಲ್ಲ ಎಂದೆ.

ಜುಲೈ 25, ಶನಿವಾರ

ಒಂದು ತಿಂಗಳಾಯಿತು ಬರೆದು. ಡಾಕ್ಟರು ನಿಲ್ಲಿಸಬೇಡಿ ಎಂದಿದ್ದರೂ ಮರೆತೇಬಿಟ್ಟಿದ್ದೆ. ಇವತ್ತು ಹಲ್ಲಿನ ಆಸ್ಪತ್ರೆಗೆ ಹೊರಡುವಾಗ ರಿಜಿಸ್ಟರ್ ತೆಗೆದು ನೋಡಿದರೆ ಜುಲೈ 20 ಮೂರನೇ ಸೋಮವಾರ. ಐದು ದಿನದ ಹಿಂದೆಯೇ ಹೋಗಿದೆ!

"ಅಳಿಲೇ, ಈ ಸೋಮವಾರ ಬಾಯಿ ಉರೀತಾ?"

"ಸ್ವಲ್ಪ. ಒಂದು ಚಿಕ್ಕ ಹುಣ್ಣು. ಬಾಯಿ ಮುಕ್ಕಳಿಸೋ ಔಷಧಿ ಹಾಕ್ಕೊಂಡೆ, ಜ್ವರ ನೋಡ್ಕೊಂಡೆ, ಅಮ್ಮಂಗೆ ಹೇಳ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಟಾರ್ಚ್ ಹಿಡ್ಕೊಂಡು ಅದೇನೋ ದಿಮ್ಮಿ ಕಥೆ ಹೇಳ್ತಿದ್ದೆ. ಚೆನ್ನಾಗಿತ್ತು. ನಿಲ್ಲಿಸ್ಬಿಡ್ತೀಯ ಅಂತ."

ಡಾಕ್ಟರಮ್ಮ ಅದೇ ಗುರುತಿನ ಕಡ್ಡಿ ಇಳಿಸಿದರು. ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ. ಮಗಳು ನನ್ನ ಕೈ ಹಿಡಿದಿದ್ದಳು. "ಮೂರು. ಮೂರು. ನಾಲ್ಕು. ಮೂರು." ಚಿಮಟದಿಂದ ಮುಂದಿನ ಹಲ್ಲನ್ನು ಅಲುಗಿಸಿ ನೋಡಿದರು. ಅಲುಗಲಿಲ್ಲ. ನಾಲ್ಕೂ ಇವೆ, ನಾಲ್ಕೂ ನಿಂತಿವೆ. ಹೋದ ಮೂಳೆ ಪೂರ್ತಿ ವಾಪಸ್ಸು ಬರುವುದಿಲ್ಲ, ಹೀಗೇ ಕಾಪಾಡಿಕೊಳ್ಳಬೇಕು, ಮೂರು ತಿಂಗಳಿಗೊಮ್ಮೆ ಬರಬೇಕು ಎಂದರು.

"ಯಾರು ಉಜ್ಜೋದು?" ಎಂದು ಕೇಳಿದರು.

"ನಾನೇ" ಎಂದಳು ಅಳಿಲು. "ತಾತ ಬೆಳಕು ಹಿಡೀತಾನೆ."

ದಾರಿಯುದ್ದಕ್ಕೂ ಆ ಒಂದು ನಾಲ್ಕರದೇ ಮಾತು. ಎಡಗಡೆಯಿಂದ ಮೂರನೆಯ ಹಲ್ಲು. ಅಲ್ಲಿಗೆ ಇನ್ನು ಮೇಲೆ ಇಪ್ಪತ್ತರ ಎಣಿಕೆಯಂತೆ, ಮುಂದಿನ ಸಲಕ್ಕೆ ಅದನ್ನೂ ಮೂರಕ್ಕೆ ಇಳಿಸುತ್ತಾಳಂತೆ. ಟಾರ್ಚನ್ನು ಬಲಗಡೆಯಿಂದ ಬಿಡಬೇಕೆಂದು ಅಪ್ಪಣೆಯಾಗಿದೆ. ಸೆಲ್ಲು ಮುಗಿಯುತ್ತ ಬಂದಿದೆ, ಬೆಳಕು ಹಳದಿಗೆ ತಿರುಗಿದೆ. ಅಂಗಡಿ ಮುಚ್ಚುವುದರೊಳಗೆ ಹೋಗಿ ತರಬೇಕು. ಇಲ್ಲದಿದ್ದರೆ ಬೆಳಿಗ್ಗೆ ಯಾರು ಬೈಸಿಕೊಳ್ಳುತ್ತಾರೆ?